ಎಕ್ಸ್‌ಚೇಂಜ್ ಅಕ್ಕನ ಕಿವುಡು ರೇಡಿಯೋ

ಅತ್ತೆಯಾದವಳು ಮಗಳನ್ನು ಬೈಯಬಹುದು, ಹಾಲಿನವನನ್ನು ಬೈಯಬಹುದು, ಬಾಲ್ಕನಿಗೆ ಬರುವ ಪಾರಿವಾಳವನ್ನೂ ಬೈಯಬಹುದು. ಅಳಿಯನನ್ನು ಬೈಯುವ ಹಾಗಿಲ್ಲ. ಅವನು ಎದುರಿಗೆ ಬಂದು ನಿಂತಾಗ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ‘ಪರವಾಗಿಲ್ಲ ಬಿಡಿ’ ಎನ್ನಬೇಕು. ಎಕ್ಸ್‌ಚೇಂಜ್ ಅಕ್ಕ ಇತ್ತೀಚೆಗೆ ಎಷ್ಟು ನುಂಗಿದ್ದರೆಂದರೆ, ಅವರ ಹೊಟ್ಟೆ ಉಬ್ಬರಿಸಿದ್ದಕ್ಕೆ ಬೇರೆ ಕಾರಣವೇ ಬೇಕಿರಲಿಲ್ಲ.

ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಹೆಡ್‌ಫೋನ್ ಕಿವಿಗೆ ಹಾಕಿಕೊಂಡು, ಊರಿನವರ ಮಾತಿಗೆ ಮಾತು ಜೋಡಿಸಿ ಜೋಡಿಸಿ ನಿವೃತ್ತರಾದರು. ಮನೆಗೆ ಬಂದ ಮೇಲೆ ಕಿವಿ ಖಾಲಿ ಖಾಲಿ ಅನ್ನಿಸಿತು. ಪರೀಕ್ಷೆ ಬರೆದು, ಹವ್ಯಾಸಿಗಳು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಲೈಸೆನ್ಸ್ ಪಡೆದರು. ಹಡಗಿನಲ್ಲಿ ಕೆಲಸ ಮಾಡಿ ಬಂದಿದ್ದ ಒಬ್ಬರಿಂದ ಹಳೆಯ ಸೆಟ್ ಒಂದನ್ನು ಕೊಂಡರು. ರುಬ್ಬುಗುಂಡಿನಷ್ಟು ಭಾರದ ಕಬ್ಬಿಣದ ಪೆಟ್ಟಿಗೆ ಅದು. ಒಳಗೆ ಅರ್ಧ ಟ್ರಾನ್ಸಿಸ್ಟರು, ಅರ್ಧ ವಾಲ್ವು. ಆನ್ ಮಾಡಿದರೆ ವಾಲ್ವುಗಳು ಬಿಸಿಯಾಗಿ ಕೆಂಪಗೆ ಮಿನುಗುವ ತನಕ ಕಾಯಬೇಕು. ಅಷ್ಟರಲ್ಲಿ ಅಕ್ಕನ ಚಹಾ ಮುಗಿಯುತ್ತಿತ್ತು. ಆಮೇಲೆ ತಾರಸಿಯ ಮೇಲೆ ಎಳೆದ ತಂತಿಯ ಮೂಲಕ, ನಾಲ್ಕು ದಿಕ್ಕಿನಲ್ಲಿದ್ದ ಗೆಳೆಯರೆಲ್ಲ ಒಂದು ಕಡೆ ಸೇರುತ್ತಿದ್ದರು. ಒಬ್ಬೊಬ್ಬರನ್ನೇ ಕರೆದು ಹಾಜರಿ ಹಾಕುವವರು ಅಕ್ಕ. ಗಾಳಿಯಲ್ಲಿ ಎಲ್ಲರಿಗೂ ಅವರು ಅಕ್ಕನೇ, ಅವರಿಗಿಂತ ಹಿರಿಯರಿಗೂ.

ಅಂಥ ಸೆಟ್ಟಿಗೆ ಈಗ ಕಿವುಡು ಬಂದಿತ್ತು. ಎದುರಿನವರು ಮಾತಾಡುತ್ತಿದ್ದ ಹಾಗೇ, ಯಾರೋ ಹಿಂದಿನಿಂದ ಬಂದು ಬಾಯಿ ಮುಚ್ಚಿದಂತೆ ಸ್ಪೀಕರ್ ಸುಮ್ಮನಾಗುತ್ತಿತ್ತು. ಮೈಕಿನ ಗುಂಡಿ ಒತ್ತಿ ಬಿಟ್ಟರೆ ಒಳಗೆ ‘ಟಕ್’ ಎಂದು, ಮತ್ತೆ ದನಿ ಬರುತ್ತಿತ್ತು. ಒಮ್ಮೊಮ್ಮೆ ತಲೆಯ ಮೇಲೆ ಒಂದು ಗುದ್ದು ಬೇಕಾಗುತ್ತಿತ್ತು. ಅಷ್ಟು ಹೊತ್ತಿಗೆ ಎದುರಿನವರ ಮಾತಿನ ಮುಖ್ಯ ಭಾಗ ಮುಗಿದಿರುತ್ತಿತ್ತು. ಒಬ್ಬರು ಮೊಮ್ಮಗಳು ಹುಟ್ಟಿದ ಸುದ್ದಿ ಹೇಳಿದ್ದಕ್ಕೆ ಅಕ್ಕ ‘ಅಯ್ಯೋ, ಹೀಗಾಗಬಾರದಿತ್ತು’ ಎಂದು ಮರುಗಿ ಪೇಚಿಗೆ ಸಿಕ್ಕಿದ್ದರು.

ರಿಪೇರಿಗೆ ಯಾರನ್ನಾದರೂ ಕರೆದರೆ ಅದರ ಆಟವೇ ಬೇರೆ. ಡಾಕ್ಟರ ಎದುರು ಬಾಯಿ ತೆರೆದ ಕೂಡಲೇ ಹಲ್ಲುನೋವು ಮಾಯವಾಗುವ ಹಾಗೆ, ಬಂದವರ ಮುಂದೆ ಸೆಟ್ ಕೋಗಿಲೆಯಂತೆ ಹಾಡುತ್ತಿತ್ತು. ಹಿಂದಿನ ಬೀದಿಯ ಟೋಪಿ ಮಾಮ, ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದವರು, ಇವರ ಕೂಟದಲ್ಲೇ ಹಳಬರು. ಮೀಟರು ಹಿಡಿದುಕೊಂಡು ಬಂದು ಬೆಳಗಿನಿಂದ ಊಟದ ಹೊತ್ತಿನ ತನಕ ಕೂತರು. ಸೆಟ್ ಒಂದು ಸಲವೂ ಉಸಿರು ಬಿಗಿಹಿಡಿಯಲಿಲ್ಲ. ‘ನಿಮಗೇ ಕಿವಿ ಮಂದ ಆಗಿರ್ಬೇಕು ಅಕ್ಕ’ ಎಂದು ಟೋಪಿ ಸರಿಮಾಡಿಕೊಂಡು ಎದ್ದರು. ಅವರು ಹತ್ತಿದ ಲಿಫ್ಟ್ ಕೆಳಗೆ ಮುಟ್ಟುವ ಮೊದಲೇ ಸೆಟ್ ಮೂಕವಾಯಿತು.

ತಪ್ಪು ರಿಲೇಯದ್ದೇ ಎಂದು ಅಕ್ಕನಿಗೆ ಖಾತ್ರಿಯಾಗಿತ್ತು. ರಿಲೇ ಅಂದರೆ ಒಳಗಿನ ಸಣ್ಣ ಸ್ವಿಚ್ಚು. ಮೈಕಿನ ಗುಂಡಿ ಒತ್ತಿದಾಗ ಆ ಕಡೆ ವಾಲಿ ಮಾತನ್ನು ಕಳಿಸುತ್ತದೆ, ಬಿಟ್ಟಾಗ ಈ ಕಡೆ ವಾಲಿ ಕೇಳಿಸುತ್ತದೆ. ಹಿಂದೆ ಒಮ್ಮೆ ಅದರ ಮೊನೆಗಳಿಗೆ ಕಿಲುಬು ಹಿಡಿದು ಇದೇ ಕಾಟ ಕೊಟ್ಟಿತ್ತು. ಒಮ್ಮೆ ಕದ್ದವನೇ ಎರಡನೇ ಸಲವೂ ಕಳ್ಳ. ಆದರೆ ರಿಲೇ ಬಿಚ್ಚುವುದಕ್ಕೆ ಅಕ್ಕನ ಕಣ್ಣು ಮೊದಲಿನಂತಿರಲಿಲ್ಲ, ಬೆರಳು ನಡುಗುತ್ತಿದ್ದವು.

ನಡುಗದ ಬೆರಳು ಮನೆಯಲ್ಲೇ ಇದ್ದವು. ಕಷ್ಟ ಶುರುವಾದದ್ದೇ ಅಲ್ಲಿ.

ಅಳಿಯ ಲಿಫ್ಟ್ ಮೆಕ್ಯಾನಿಕ್. ಒಂದು ಕಟ್ಟಡದ ಲಿಫ್ಟ್ ಓಡಾಡುವ ಹೊಂಡಕ್ಕೆ ಜಾರಿಬಿದ್ದು ಭುಜ ಮುರಿದುಕೊಂಡಿದ್ದ. ಮೂಳೆ ಕೂಡಿಕೊಂಡಿತು, ಆದರೆ ಬಲಗೈ ಕಿವಿಯಿಂದ ಮೇಲಕ್ಕೆ ಏಳದೆ ಹೋಯಿತು. ಕಂಪನಿಯವರು ಮೊದಲು ರೆಸ್ಟ್ ತಗೊಳ್ಳಿ ಅಂದರು, ಆಮೇಲೆ ನಾವೇ ಕರೀತೀವಿ ಅಂದರು, ಆಮೇಲೆ ಏನೂ ಅನ್ನಲಿಲ್ಲ. ಮಗಳು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ಅವಳು ಹೊರಟ ಮೇಲೆ, ಮೇಲಿನ ಮಹಡಿಯ ಆ ಮನೆಯಲ್ಲಿ ಅತ್ತೆ, ಅಳಿಯ, ರೇಡಿಯೋ ಇಷ್ಟೇ ಉಳಿಯುತ್ತಿದ್ದರು.

ಅಳಿಯನ ಕೈ ಸುಮ್ಮನಿರಲಿಲ್ಲ. ಅಡುಗೆಮನೆಯ ನಲ್ಲಿ ಬಿಚ್ಚಿದ, ಅದು ಆವತ್ತಿನಿಂದ ಹಾವಿನಂತೆ ಬುಸುಗುಡತೊಡಗಿತು. ಮಿಕ್ಸಿ ಬಿಚ್ಚಿದ, ಅದಕ್ಕೀಗ ಒಂದೇ ವೇಗ, ವಿಮಾನದ್ದು. ಬಾಗಿಲ ಗಂಟೆ ಸರಿಮಾಡಿದ, ಒತ್ತಿದವರು ಬೆರಳು ತೆಗೆದರೂ ಅದು ಬಾಯಿ ಮುಚ್ಚುತ್ತಿರಲಿಲ್ಲ. ಇಂಥವನು ಒಂದು ಭಾನುವಾರ ಬೆಳಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಸ್ಕ್ರೂಡ್ರೈವರ್ ಹಿಡಿದು ರೇಡಿಯೋ ಕೋಣೆಯ ಬಾಗಿಲಲ್ಲಿ ನಿಂತ.

“ಅತ್ತೆ, ರಿಲೇ ಅಂದ್ರಲ್ಲ. ಲಿಫ್ಟ್ ಪ್ಯಾನೆಲ್ ತುಂಬಾ ರಿಲೇಗಳೇ. ಕಣ್ಣು ಮುಚ್ಕೊಂಡು ಮಾಡ್ತೀನಿ.”

“ಕಣ್ಣು ತೆಗೆದೇ ಮಾಡಿ” ಎಂದರು ಅಕ್ಕ. “ಮತ್ತೆ ಇದು ಲಿಫ್ಟಿನದಷ್ಟು ದಪ್ಪ ಅಲ್ಲ. ನೊಣದ ಕಾಲಿನಷ್ಟಿರತ್ತೆ.”

“ರಿಲೇ ಅಂದ್ರೆ ರಿಲೇನೇ ಅತ್ತೆ.”

ಸ್ವಿಚ್ ತೆಗೆದ ಮೇಲೂ ವಾಲ್ವಿನ ಹತ್ತಿರ ಹೊಡೆತ ಕೊಡುವಷ್ಟು ಕರೆಂಟ್ ಕೂತಿರುತ್ತದೆ, ಅದು ಇಳಿಯುವ ತನಕ ಕೈ ಹಾಕಬೇಡಿ ಎಂದು ಅಕ್ಕ ಹೇಳಿದರು. ಅವನು ಅದನ್ನು ಪಾಲಿಸಿದ, ಅಲ್ಲಿ ತಪ್ಪು ಹಿಡಿಯುವಂತಿರಲಿಲ್ಲ. ಮುಚ್ಚಳ ತೆಗೆದು ರಿಲೇಯನ್ನು ಕಿತ್ತು ಬಟ್ಟೆಯ ಮೇಲಿಟ್ಟುಕೊಂಡದ್ದೂ ಅಚ್ಚುಕಟ್ಟಾಗಿಯೇ ಇತ್ತು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ಅಕ್ಕ ಹೋಗಿ, ಬಂದವರನ್ನು ಮಾತಾಡಿಸಿ, ಗಂಟೆಯ ತಂತಿ ಎಳೆದು ಬಾಯಿ ಮುಚ್ಚಿಸಿ ವಾಪಸು ಬಂದರು. ಅಳಿಯ ರಿಲೇಯ ಮೊನೆಗಳನ್ನು ಮರಳು ಕಾಗದದಿಂದ ಉಜ್ಜುತ್ತಿದ್ದ.

ಆ ಮೊನೆಗಳಿಗೆ ಬೆಳ್ಳಿಯ ತೆಳುವಾದ ಲೇಪ ಇರುತ್ತದೆ. ಕಾಗದದ ಪಟ್ಟಿಗೆ ಎರಡು ಹನಿ ಕ್ಲೀನರ್ ಹಾಕಿ, ನಡುವೆ ತೂರಿಸಿ ಮೆಲ್ಲಗೆ ಎಳೆಯಬೇಕು, ಮಗುವಿನ ಮೂಗು ಒರೆಸಿದ ಹಾಗೆ. ಇವನು ತುಕ್ಕು ಹಿಡಿದ ಗೇಟು ತಿಕ್ಕುವಂತೆ ತಿಕ್ಕುತ್ತಿದ್ದ.

“ಫಳಫಳ ಅಂತಿದೆ ನೋಡಿ” ಎಂದು ತೋರಿಸಿದ.

“ಪರವಾಗಿಲ್ಲ ಬಿಡಿ” ಎಂದರು ಅಕ್ಕ. ದನಿ ಅವರದೇ ಅನ್ನಿಸಲಿಲ್ಲ.

ರಿಲೇ ಕೂರಿಸಿ ಸೆಟ್ ಆನ್ ಮಾಡಿದರು. ವಾಲ್ವು ಬಿಸಿಯಾದವು. ಸ್ಪೀಕರಿನಿಂದ ಒಂದು ಕರಕರವೂ ಬರಲಿಲ್ಲ. ಮೈಕಿನ ಗುಂಡಿ ಒತ್ತಿದರು, ಬಿಟ್ಟರು. ‘ಟಕ್’ ಇಲ್ಲ. ಗುದ್ದಿದರು. ಅಳಿಯನೂ ಒಂದು ಗುದ್ದು ಕೊಟ್ಟ. ಮೊದಲು ಆಗೀಗ ಕಿವುಡಾಗುತ್ತಿದ್ದದ್ದು ಈಗ ಸತ್ತೇ ಹೋಗಿತ್ತು.

“ಟೋಪಿ ಮಾಮನ ಹತ್ರ ಬೇರೆ ರಿಲೇ ಇರತ್ತೆ, ತಂದೇಬಿಡ್ತೀನಿ” ಎಂದು ಅಳಿಯ, ಅತ್ತೆಯ ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ. ಸೆಟ್ ಆಫ್ ಮಾಡುವುದು ಇಬ್ಬರಿಗೂ ಹೊಳೆಯಲಿಲ್ಲ. ಸತ್ತದ್ದನ್ನು ಮತ್ತೇನು ಆಫ್ ಮಾಡುವುದು.

ಸೆಟ್ ಸತ್ತಿರಲಿಲ್ಲ. ಉಜ್ಜುವ ಭರದಲ್ಲಿ ರಿಲೇಯ ತೋಳು ಬಾಗಿ, ಅದು ಮಾತು ಕಳಿಸುವ ಕಡೆಗೇ ವಾಲಿ ಸಿಕ್ಕಿಕೊಂಡಿತ್ತು. ಮೇಜಿನ ಮೇಲಿದ್ದ ಮೈಕು, ಯಾರೂ ಗುಂಡಿ ಒತ್ತದೆಯೇ ಬಾಯಿ ತೆರೆದು ಕೂತಿತ್ತು. ಅಕ್ಕ ಅದಕ್ಕೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡು, ಒಣಗಿದ ಬಟ್ಟೆ ಮಡಚುತ್ತಿದ್ದ ಮಗಳ ಕಡೆಗೆ ಮುಖ ಮಾಡಿದರು.

ಟೋಪಿ ಮಾಮನ ಮನೆಯಲ್ಲಿ ಅಳಿಯ ಸ್ಟೂಲಿನ ಮೇಲೆ ಕೂತಿದ್ದ. ಮಾಮ ಡಬ್ಬಿಗಳನ್ನು ತೆಗೆದು ತೆಗೆದು ರಿಲೇ ಹುಡುಕುತ್ತಿದ್ದರು. ಗೂಡಿನ ಮೇಲಿನ ಅವರ ಸೆಟ್ಟಿನಲ್ಲಿ ಭಾನುವಾರದ ಕೂಟ ನಡೆದಿತ್ತು. ಕೋಳಿ ಡಾಕ್ಟರು ಎಂದು ಎಲ್ಲರೂ ಕರೆಯುವ ಪಶುವೈದ್ಯರೊಬ್ಬರು ‘ಅಕ್ಕ ಇವತ್ತು ಯಾಕೆ ಬಂದಿಲ್ಲ’ ಎಂದು ವಿಚಾರಿಸುತ್ತಿದ್ದರು. ಅವರ ಮಾತಿನ ಮೇಲೇ ಅಕ್ಕನ ದನಿ ಬಂದು ಕೂತಿತು.

“...ಮಗ ಆಗಿದ್ರೆ ಕಿವಿ ಹಿಂಡಿ ಕೂರಿಸ್ತಿದ್ದೆ ಕಣೇ. ಅಳಿಯನ ಕಿವಿ ಹಿಂಡೋಕಾಗತ್ತಾ? ಬಿಸಿತುಪ್ಪ ಬಾಯಿಗೆ ಹಾಕ್ಕೊಂಡ ಹಾಗಾಗಿದೆ ನಂಗೆ.”

ಮಾಮನ ಕೈಯಿಂದ ಡಬ್ಬಿ ಜಾರಿತು.

“ನೊಣದ ಕಾಲಿನಷ್ಟಿದೆ ಅಂತ ಹೇಳಿದ್ದೆ. ಮರಳು ಕಾಗದ ತಗೊಂಡು ತಿಕ್ಕಿದ್ದಾರೆ. ಪಾತ್ರೆ ತಳ ತಿಕ್ಕಿದ ಹಾಗೆ.”

ದೂರದಿಂದ ಮಗಳ ದನಿ ಕೇಳಿತು. “ಬೈಯಮ್ಮ, ಎದುರಿಗೇ ಬೈ. ನಂಗೂ ಸಾಕಾಗಿದೆ. ನಿನ್ನೆ ಇಸ್ತ್ರಿಪೆಟ್ಟಿಗೆ ಬಿಚ್ಚಿ ಕೂತಿದ್ರು.”

“ಅಯ್ಯೋ, ಅದೂನಾ?”

ಮಧ್ಯೆ ಸಿಕ್ಕ ಸಣ್ಣ ಬಿಡುವಿನಲ್ಲಿ ಕೋಳಿ ಡಾಕ್ಟರು ಗಂಟಲು ಸರಿಮಾಡಿಕೊಂಡು, “ಅಕ್ಕಾ, ನಿಮ್ಮ ಮೈಕು ಆನ್ ಇದೆ, ಅಕ್ಕಾ” ಎಂದರು. ಕಳಿಸುವ ಕಡೆ ಸಿಕ್ಕಿಕೊಂಡ ಸೆಟ್ಟಿಗೆ ಅದು ಕೇಳುವ ಹಾಗಿರಲಿಲ್ಲ. ಮಾಮ ಜೇಬು ತಡಕಿ ಫೋನ್ ತೆಗೆದರು.

“ಫೋನ್ ಮಾಡ್ಬಿಡ್ತೀನಿ, ಪಾಪ, ಗೊತ್ತಿಲ್ಲದೆ...”

“ಇರಲಿ ಮಾಮ” ಎಂದ ಅಳಿಯ. ಮಾಮ ವಾಲ್ಯೂಮ್ ತಗ್ಗಿಸಲು ಕೈಚಾಚಿದರು. ಅವನು ಎಡಗೈಯಿಂದ ಅವರ ಕೈ ಸರಿಸಿ ವಾಲ್ಯೂಮ್ ಏರಿಸಿದ.

“ಅಷ್ಟು ಗೊತ್ತಿದ್ದೂ ರೇಡಿಯೋ ಯಾಕೆ ಕೊಟ್ಟೆ?” ಎಂದು ಮಗಳು ಕೇಳುತ್ತಿದ್ದಳು.

ಈಗ ಬಂದ ಅಕ್ಕನ ದನಿ ಬೇರೆಯಾಗಿತ್ತು.

“ಕೊಡದೆ ಏನ್ ಮಾಡ್ಲಿ. ನೀನು ಬೆಳಗ್ಗೆ ಹೊರಟುಹೋಗ್ತೀಯ. ಅವರು ಸ್ನಾನ ಮಾಡಿ, ಇಸ್ತ್ರಿ ಶರ್ಟ್ ಹಾಕ್ಕೊಂಡು, ಶೂ ಪಾಲಿಶ್ ಮಾಡಿಟ್ಟು ಸೋಫಾ ಮೇಲೆ ಕೂರ್ತಾರೆ. ಫೋನ್ ನೋಡ್ತಾರೆ, ಇಡ್ತಾರೆ, ಮತ್ತೆ ನೋಡ್ತಾರೆ. ಕೆಳಗೆ ಲಿಫ್ಟ್ ಬಾಗಿಲು ತೆಗೆದ ಸದ್ದಾದ್ರೆ ತಲೆ ಎತ್ತಿ ಕೇಳಿಸ್ಕೋತಾರೆ. ಕಣ್ಣಿಂದ ನೋಡೋಕಾಗ್ಲಿಲ್ಲ ಕಣೇ. ಒಂದಿನ ನಾನೇ, ಈ ನಲ್ಲಿ ಸ್ವಲ್ಪ ನೋಡ್ತೀರಾ ಅಂದೆ. ಚೆನ್ನಾಗೇ ಇತ್ತು ಆ ನಲ್ಲಿ. ಮಿಕ್ಸಿನೂ ಚೆನ್ನಾಗಿತ್ತು.”

ಮಾಮ ಟೋಪಿ ತೆಗೆದು ಅದರ ಒಳಗನ್ನು ನೋಡುತ್ತಾ ನಿಂತರು. ಅಳಿಯನ ಕಿವಿಗಳು ಕೆಂಪಾದವು. ಬೈಗುಳ ಕೇಳಿ ಅವನಿಗೆ ನಗು ಬರುವುದರಲ್ಲಿತ್ತು. ಈ ಮಾತು ಮಾತ್ರ ಮುರಿದ ಭುಜವನ್ನೇ ಹುಡುಕಿಕೊಂಡು ಬಂದು ನಾಟಿತು.

“ಚೆನ್ನಾಗಿತ್ತಂತಾ ಆ ನಲ್ಲಿ?” ಎಂದು ಮಾಮನನ್ನೇ ಕೇಳಿದ, ಅವರಿಗೇನೋ ಗೊತ್ತಿರುವ ಹಾಗೆ.

ಅತ್ತ ಮನೆಯಲ್ಲಿ ಮಗಳು ಮೂಗರಳಿಸಿ, “ಅಮ್ಮ, ಏನೋ ಸುಟ್ಟ ವಾಸನೆ” ಎಂದಳು. ಅಕ್ಕ ಕುರ್ಚಿ ತಿರುಗಿಸಿದರು. ಸೆಟ್ಟಿನ ಜಾಲರಿಯಿಂದ ಬಿಸಿ ಏಳುತ್ತಿತ್ತು. “ಅಯ್ಯೋ ದೇವರೇ” ಎಂದರು, ಆ ಮಾತಿಗೆ ಸರಿಯಾಗಿ ಸೆಟ್ಟಿನ ಮುಖದ ಮೇಲಿನ ಮೀಟರಿನ ಮುಳ್ಳು ಎಗರಿ ಕೂತಿತು. ಅಕ್ಕನಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಕೈಚಾಚಿ ಆಫ್ ಮಾಡಿದರು.

ಎಕ್ಸ್‌ಚೇಂಜಿನಲ್ಲಿ ಹೊಸದಾಗಿ ಸೇರಿದ ಹುಡುಗಿಯರಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠವೇ, ಲೈನ್ ತೆರೆದಿದೆಯೋ ಮುಚ್ಚಿದೆಯೋ ನೋಡದೆ ಕೆಮ್ಮಲೂ ಕೂಡದು ಎಂದು. ಆ ಪಾಠ ಮರೆತ ಒಬ್ಬಳನ್ನು ಇಡೀ ದಿನ ಅಳಿಸಿದ್ದರು. ಈಗ ತಾವೇ ಮನೆಯ ಮಾತನ್ನು ಊರೂರಿಗೆ ಹಂಚಿ ಕೂತಿದ್ದರು. ಕೂಟದ ಎಲ್ಲರೂ ಕೇಳಿರುತ್ತಾರೆ. ಟೋಪಿಯವರ ಸೆಟ್ ಭಾನುವಾರ ಆಫ್ ಆಗುವುದೇ ಇಲ್ಲ. ಅಲ್ಲಿ ಕೂತಿರುವವರು ಯಾರು ಎಂದು ನೆನಪಾಗಿ ಅಕ್ಕ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ಅಳಿಯ ಬಂದಾಗ ಮಗಳು ಅಡುಗೆಮನೆ ಸೇರಿದ್ದಳು. ಅವನು ಹೊಸ ರಿಲೇಯನ್ನು ಮೇಜಿನ ಮೇಲಿಟ್ಟು, ನಿಂತೇ ಇದ್ದ.

“ನಲ್ಲಿ ಚೆನ್ನಾಗಿತ್ತಂತೆ.”

ಅಕ್ಕ ತಲೆ ತಗ್ಗಿಸಿದರು. “ತಪ್ಪು ತಿಳ್ಕೋಬೇಡಿ. ಏನೋ ಬಾಯಿಗೆ ಬಂತು.”

“ಬೈದಿದ್ದಕ್ಕೆ ಬೇಜಾರಿಲ್ಲ ಅತ್ತೆ. ತಿಕ್ಕಿದ್ದು ತಪ್ಪೇ. ಆದ್ರೆ ಕೆಡದೇ ಇರೋದನ್ನ ಕೆಟ್ಟಿದೆ ಅಂತ ಕೊಟ್ಟಿರಲ್ಲ. ಅಳೋ ಮಗುಗೆ ಗಿಲಕಿ ಕೊಟ್ಟ ಹಾಗೆ. ನಾನು ಆ ನಲ್ಲಿಲಿ ಏನು ಕೆಟ್ಟಿದೆ ಅಂತ ಮಧ್ಯಾಹ್ನ ಪೂರ್ತಿ ಹುಡುಕಿದೆ. ಸಿಗ್ಲಿಲ್ಲ ಅಂತ ನನ್ನನ್ನ ನಾನೇ ಬೈಕೊಂಡೆ. ಕೈ ಜೊತೆ ತಲೆನೂ ಹೋಯ್ತು ಅಂದ್ಕೊಂಡೆ.”

ಅಕ್ಕನಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಬೆನ್ನಿಗೇ, ಇಷ್ಟು ದಿನ ಒತ್ತಿಟ್ಟುಕೊಂಡಿದ್ದ ಸಿಟ್ಟೂ ಎದ್ದು ಬಂತು.

“ಹೌದು, ಕೊಟ್ಟೆ. ತಪ್ಪೇ. ನಿಮಗಾದ್ರೂ ಹೇಳೋಕೇನಾಗಿತ್ತು, ಅತ್ತೆ, ಇದ್ರಲ್ಲಿ ಏನೂ ಕೆಟ್ಟಿಲ್ಲ ಅಂತ? ಏನೂ ಸಿಗದಿದ್ರೆ ಮುಚ್ಚಿಡ್ಬೇಕಪ್ಪ. ಏನಾದ್ರೂ ಮಾಡ್ಲೇಬೇಕು ಅಂತ ಮಾಡಿ, ಇದ್ದದ್ದನ್ನೂ ಕೆಡಿಸಿದ್ರೆ? ಮತ್ತೆ ಈ ರಿಲೇ. ಹೇಳಿದ್ದನ್ನ ಒಂದು ಸಲ ಕೇಳಿದ್ರೆ ಗಂಟೇನು ಹೋಗ್ತಿತ್ತು?”

“ಹೇಗೆ ತಿಕ್ಕಬೇಕು ಅಂತ ನೀವು ಹೇಳ್ಲೇ ಇಲ್ಲ. ದಪ್ಪ ಇಲ್ಲ ಅಂದ್ರಿ ಅಷ್ಟೇ.”

“ಕೇಳ್ಬೇಕಿತ್ತು.”

“ಹೇಳ್ಬೇಕಿತ್ತು.”

ಅಡುಗೆಮನೆಯಲ್ಲಿ ನಲ್ಲಿ ಬುಸುಗುಟ್ಟಿತು. ಇಬ್ಬರೂ ಆ ಕಡೆ ನೋಡಿದರು. ಅಳಿಯನ ತುಟಿ ಮೊದಲು ಸಡಿಲಾಯಿತು. ಅಕ್ಕ ನಗಲಿಲ್ಲ, ಕುರ್ಚಿಯನ್ನು ಪಕ್ಕಕ್ಕೆ ಎಳೆದು ಅವನಿಗೆ ಜಾಗ ಮಾಡಿದರು.

ಸೆಟ್ ಆರುವ ತನಕ ಕಾದು ಹೊಸ ರಿಲೇ ಕೂರಿಸಿದರು. ಅಕ್ಕ ಟಾರ್ಚ್ ಹಿಡಿದು ಒಂದೊಂದು ತಂತಿಯನ್ನೂ ಹೇಳಿದರು, ಅವನು ಒಂದೊಂದಕ್ಕೂ ‘ಇದಾ?’ ಎಂದು ಕೇಳಿ ಬೆಸೆದ. ವಾಲ್ವುಗಳು ಕಾದಿದ್ದರೂ ಬದುಕಿದ್ದವು. ಆನ್ ಮಾಡಿದರೆ ಸ್ಪೀಕರ್ ತುಂಬ ದನಿ. ಯಾರೋ ಇಬ್ಬರು ಗೊಬ್ಬರದ ವಿಚಾರ ಮಾತಾಡುತ್ತಿದ್ದರು. ಅಕ್ಕನಿಗೆ ಅದೇ ಸಂಗೀತದಂತೆ ಕೇಳಿತು. ಮಗಳು ಚಹಾ ತಂದು ಬಾಗಿಲಲ್ಲಿ ನಿಂತಳು. ಆಗ, ಗೊಬ್ಬರದವರ ಮಾತಿನ ನಡುವೆಯೇ, ಸೆಟ್ ಮೂಕವಾಯಿತು.

ಹೊಸ ರಿಲೇ. ಹೊಸ ಬೆಸುಗೆ. ಹಳೆಯ ಕಿವುಡು.

ಅಕ್ಕ ಗುದ್ದಲು ಕೈಯೆತ್ತಿದರು. ಎತ್ತಿದ ಕೈಯನ್ನು ಗುದ್ದದೆಯೇ ಇಳಿಸಿದರು. “ಇದನ್ನ ತಗೊಂಡೋಗಿ ಬಾಲ್ಕನಿಯಿಂದ ಕೆಳಗೆ ಹಾಕಿ. ಕೆಳಗೆ ಯಾರಾದ್ರೂ ಇದ್ರೆ ನೋಡಿ ಹಾಕಿ, ಅಷ್ಟೇ.”

“ಅತ್ತೆ, ಒಂದು ನಿಮಿಷ” ಎಂದ ಅಳಿಯ. “ಆ ಮುಳ್ಳು ಅಲ್ಲಾಡ್ತಿದೆಯಲ್ಲ, ಅದೇನು?”

ಮೀಟರಿನ ಮುಳ್ಳು ಏಳುತ್ತಿತ್ತು, ಬೀಳುತ್ತಿತ್ತು, ಮನುಷ್ಯರ ಮಾತಿನ ಲಯದಲ್ಲೇ. ಅಕ್ಕ ಕನ್ನಡಕ ಏರಿಸಿಕೊಂಡು ನೋಡಿದರು. ಅದು ಅಲ್ಲಾಡುತ್ತಿದೆ ಎಂದರೆ ಗೊಬ್ಬರದವರ ಮಾತು ತಾರಸಿಯ ತಂತಿಯಿಂದ ಇಳಿದು, ರಿಲೇ ದಾಟಿ, ಇಡೀ ಸೆಟ್ಟಿನೊಳಗೆ ಓಡಾಡಿ ಬರುತ್ತಿದೆ. ಹೊಸ್ತಿಲ ತನಕ ಬಂದು, ಸ್ಪೀಕರಿನ ಬಾಗಿಲಲ್ಲಿ ನಿಂತುಬಿಟ್ಟಿದೆ. ರಿಲೇ ಕಳ್ಳನೇ ಅಲ್ಲ. ಈ ಮುಳ್ಳು ಇಷ್ಟು ದಿನವೂ ಹೀಗೇ ಅಲ್ಲಾಡುತ್ತಾ ಇದ್ದಿರಬೇಕು. ಸೆಟ್ ಮೂಕವಾದ ಕೂಡಲೇ ಸಿಟ್ಟಿನಿಂದ ಗುಂಡಿ ಒತ್ತುತ್ತಿದ್ದ ಅಕ್ಕ, ಮುಳ್ಳು ನೋಡಿರಲೇ ಇಲ್ಲ.

“ಹಾಗಾದ್ರೆ ಕೆಟ್ಟಿರೋದು ಕೊನೇಲಿ” ಎಂದರು ಅಕ್ಕ ನಿಧಾನವಾಗಿ. “ಕೊನೇಲಿ ಅಂದ್ರೆ ಸ್ಪೀಕರು, ಅದಕ್ಕಿಂತ ಮೊದಲು...” ಅವರ ಬೆರಳು ಸೆಟ್ಟಿನ ಮುಖದ ಮೇಲೆ ಹರಿದು, ಹೆಡ್‌ಫೋನ್ ಚುಚ್ಚುವ ತೂತಿನ ಹತ್ತಿರ ನಿಂತಿತು. ಅಲ್ಲಿ ಹೆಡ್‌ಫೋನ್ ಚುಚ್ಚಿದರೆ ಒಳಗಿನ ಸಣ್ಣ ತಗಡು ಮೇಲೆದ್ದು ಸ್ಪೀಕರಿಗೆ ಹೋಗುವ ದಾರಿ ಮುಚ್ಚುತ್ತದೆ. ತಗಡಿಗೆ ಕಿಲುಬು ಹಿಡಿದರೆ ಹೆಡ್‌ಫೋನ್ ಇಲ್ಲದಿದ್ದರೂ ದಾರಿ ಮುಚ್ಚಿದ ಹಾಗೆಯೇ. ರಿಲೇಯ ‘ಟಕ್’ ಎಂಬ ಅದುರಿಗೆ ಅದು ಮತ್ತೆ ಕೂಡಿಕೊಳ್ಳುತ್ತಿತ್ತು, ಅಷ್ಟೇ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಮತ್ತೆ ಆಫ್ ಮಾಡಿ, ಮತ್ತೆ ಕಾದರು. ಅಳಿಯ ಸ್ಕ್ರೂಡ್ರೈವರ್ ಕೆಳಗಿಟ್ಟ. “ಹೇಗೆ ತಿಕ್ಕಬೇಕು, ಹೇಳಿ.”

ಅಕ್ಕ ಕಾಗದದ ಪಟ್ಟಿ ಕತ್ತರಿಸಿ, ಹನಿ ಹಾಕಿಕೊಟ್ಟರು. ಅವನು ಎಳೆದ. ಕಾಗದದ ಮೇಲೆ ಕಾಡಿಗೆಯಂಥ ಗೆರೆ ಬಂತು. ಇನ್ನೊಂದು ಪಟ್ಟಿ, ಇನ್ನೂ ಒಂದು. ಪಟ್ಟಿ ಬಿಳಿಯಾಗಿಯೇ ಹೊರಬಂದ ಮೇಲೆ ಸೆಟ್ ಆನ್ ಮಾಡಿದರು. ಮಧ್ಯಾಹ್ನವೆಲ್ಲ ಅದು ಬಾಯಿ ಮುಚ್ಚಲಿಲ್ಲ. ಮುಚ್ಚಬಹುದೇನೋ ಎಂದು ಇಬ್ಬರೂ ಊಟದ ತಟ್ಟೆ ಹಿಡಿದುಕೊಂಡು ಅದರ ಮುಂದೆಯೇ ಕೂತಿದ್ದರು.

ಸೋಮವಾರ ಬೆಳಗ್ಗೆ ಮೈಕ್ ಹಿಡಿಯಲು ಅಕ್ಕನಿಗೆ ಕೈಯೇ ಬರಲಿಲ್ಲ. ಹಿಡಿದಾಗ, ಕೂಟದವರೆಲ್ಲ ಮದುವೆಮನೆಗೆ ಬಂದ ಬೀಗರಷ್ಟು ಮರ್ಯಾದೆಯಿಂದ ಮಾತಾಡಿದರು. ಭಾನುವಾರದ ಸುದ್ದಿ ಯಾರೂ ಎತ್ತಲಿಲ್ಲ. ಕೊನೆಗೆ ಕೋಳಿ ಡಾಕ್ಟರು, “ಅಕ್ಕ, ನಮ್ಮಲ್ಲಿ ಮೊಟ್ಟೆ ಮರಿ ಮಾಡೋ ಪೆಟ್ಟಿಗೆಯ ರಿಲೇ ಒಂದು ಕಾಟ ಕೊಡ್ತಿದೆ. ಅಳಿಯಂದಿರು ಇದ್ದಾರಾ? ಇದು ನಿಜವಾಗ್ಲೂ ಕೆಟ್ಟಿದೆ” ಎಂದರು. ಎಲ್ಲರೂ ಒಟ್ಟಿಗೆ ನಕ್ಕ ಸದ್ದಿಗೆ ಸ್ಪೀಕರ್ ಗರಗರ ಎಂದಿತು. ಅಳಿಯ ಅಕ್ಕನ ಕೈಯಿಂದ ಮೈಕ್ ತೆಗೆದುಕೊಳ್ಳಲು ಬಂದ. ಲೈಸೆನ್ಸ್ ಇಲ್ಲದವರು ಮಾತಾಡುವಂತಿಲ್ಲ ಎಂದು ಅಕ್ಕ ಅವನ ಕೈಮೇಲೆ ಪಟ್ಟನೆ ಹೊಡೆದರು.

ಕಂಪನಿಯವರು ಆಮೇಲೂ ಕರೆಯಲಿಲ್ಲ. ಆದರೆ ಕೋಳಿ ಡಾಕ್ಟರ ಪೆಟ್ಟಿಗೆಯ ಹಿಂದೆಯೇ ಒಂದು ಸ್ಟೆಬಿಲೈಜರ್ ಬಂತು, ಆಮೇಲೆ ಮುಖವೇ ಇಲ್ಲದ ರೇಡಿಯೋ, ಆಮೇಲೆ ಯಾರದೋ ಗೋದಾಮಿನ ಸಾಮಾನಿನ ಲಿಫ್ಟಿನ ಪ್ಯಾನೆಲ್. ಆ ಗೋದಾಮಿಗೆ ಅಳಿಯ ವಾರಕ್ಕೊಮ್ಮೆ ಹೋಗತೊಡಗಿದ. ಹತ್ತಿ ಇಳಿಯುವವರು ಬೇರೆ, ಕೆಳಗೆ ನಿಂತು ಹೇಳುವವನು ಇವನು. ಉಳಿದ ದಿನ ರೇಡಿಯೋ ಕೋಣೆಯಲ್ಲೇ. ಬಿಚ್ಚಿದ್ದನ್ನೆಲ್ಲ ಅಕ್ಕನ ಮೇಜಿನ ಮೇಲೇ ಹರಡುತ್ತಿದ್ದ. ಈಗ ಬೈಯಲು ಅಕ್ಕನಿಗೆ ಯಾವ ಅಡ್ಡಿಯೂ ಇರಲಿಲ್ಲ, ಬೆಳಗ್ಗೆಯಿಂದ ಬೈಯುತ್ತಿದ್ದರು. ಅವನೂ ಮಾತಿಗೆ ಮಾತು ಕೊಡುತ್ತಿದ್ದ. ಮಗಳು ಆಸ್ಪತ್ರೆಯಿಂದ ಬಂದವಳೇ ಆ ಕೋಣೆಯ ಬಾಗಿಲನ್ನು ಹೊರಗಿನಿಂದ ಎಳೆದು ತನ್ನ ಪಾಡಿಗೆ ಕೂರುತ್ತಿದ್ದಳು.

“ಎಲ್ಲರೂ ಕೇಳಿ” ಎಂದು ಒಂದು ದಿನ ಅಕ್ಕ ಕೂಟದಲ್ಲಿ ಗಂಭೀರವಾಗಿ ಹೇಳಿದರು. “ನಂಗೆ ಲೋಟ ಇಡೋಕೆ ಜಾಗ ಇಲ್ಲ. ಇನ್ಮೇಲೆ ಯಾರೂ ಏನೂ ಕಳಿಸ್ಬೇಡಿ.”

ಮಾತು ಮುಗಿಯುವ ಮೊದಲೇ ಕೆಳಗಿನಿಂದ ಲಿಫ್ಟ್ ಏರಿ ಬಂದ ಸದ್ದಾಯಿತು. ಅಳಿಯ ಬಾಗಿಲು ತೆಗೆದ. ಟೋಪಿ ಮಾಮ ದೊಡ್ಡದೊಂದು ರಟ್ಟಿನ ಡಬ್ಬವನ್ನು ತಬ್ಬಿಕೊಂಡು, ಎಲ್ಲಿಡಲಿ ಎಂದು ಕೋಣೆಯ ಒಳಗೆಲ್ಲ ಕಣ್ಣಾಡಿಸುತ್ತಾ ನಿಂತಿದ್ದರು.